ರಫ್ತು ಗುಣಮಟ್ಟದ ಮಾನವೀಯತೆ

2018ರಲ್ಲಿ ಭಾರತ ಸರ್ಕಾರ ಒಂದು ಸಿನಿಮಾ ತೆಗೆಯಿತು. ನಾಯಕನಿಲ್ಲ, ನಾಯಕಿಯಿಲ್ಲ, ಫೈಟಿಲ್ಲ, ಹಾಡಿಲ್ಲ. ಮುಂಬೈಯ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕೇ ಕಥೆ, ಅದೇ ಲೊಕೇಷನ್. ಸಿನಿಮಾ ತೆಗೆದದ್ದು ಒಬ್ಬರೇ ಒಬ್ಬ ಪ್ರೇಕ್ಷಕರಿಗಾಗಿ. ಅವರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ಕೋರ್ಟಿನ ನ್ಯಾಯಾಧೀಶೆ ಎಮ್ಮಾ ಆರ್ಬತ್ನಾಟ್. ಕರ್ನಾಟಕದಿಂದ ಎರಡು ಸಲ ರಾಜ್ಯಸಭೆಗೆ ಹೋಗಿ, ಬ್ಯಾಂಕುಗಳ ಸಾಲ ಬಾಕಿ ಇರುವಾಗಲೇ ಲಂಡನ್ನಿಗೆ ಹೋದ ವಿಜಯ್ ಮಲ್ಯರನ್ನು ಭಾರತಕ್ಕೆ ಒಪ್ಪಿಸಬೇಕೇ ಬೇಡವೇ ಎಂಬ ಕೇಸು ಅವರ ಮುಂದಿತ್ತು. ಇವರನ್ನು ಇಡುವ ಕೋಣೆಗೆ ಗಾಳಿ ಬೆಳಕು ಬರುತ್ತದೆಯೇ ಎಂದು ಆಯಮ್ಮನಿಗೆ ಅನುಮಾನ. ನಡುಮಧ್ಯಾಹ್ನ, ಬೇರೆ ದೀಪ ಹಾಕದೆ, ಹೆಜ್ಜೆ ಹೆಜ್ಜೆಯಾಗಿ ತೋರಿಸುವ ವಿಡಿಯೊ ಬೇಕೆಂದರು.

ಬೇಕು ಎಂದರೆ ಬಂತು. ಒಂದು ಪಂಚಾಯಿತಿ ಚರಂಡಿಗೆ ನಾಲ್ಕು ವರ್ಷ ಫೈಲು ತಿರುಗಿಸುವ ದೇಶ ಕೆಲವೇ ವಾರಗಳಲ್ಲಿ ಜೈಲಿನ ಚಿತ್ರ ತೆಗೆದು ಲಂಡನ್ನಿಗೆ ಕಳಿಸಿತು. ಅದರಲ್ಲಿ ಟಿ.ವಿ. ಇತ್ತು, ಪ್ರತ್ಯೇಕ ಶೌಚಾಲಯವಿತ್ತು, ಹಾಸಿಗೆಯಿತ್ತು, ಬಿಸಿಲು ಕಾಯಲು ಅಂಗಳವಿತ್ತು. ಜೈಲನ್ನು ನಾವು ತಮಾಷೆಗೆ ಮಾವನ ಮನೆ ಅನ್ನುತ್ತೇವಲ್ಲ, ಆ ತಮಾಷೆಯನ್ನು ಸರ್ಕಾರ ಮೊದಲ ಬಾರಿಗೆ ಗಂಭೀರವಾಗಿ ತೆಗೆದುಕೊಂಡಿತ್ತು. ಅದೇ ವರ್ಷದ ಡಿಸೆಂಬರ್ 10ರಂದು ಕೋರ್ಟು ಒಪ್ಪಿಸಬಹುದು ಎಂದಿತು. ಅಳಿಯಂದಿರು ಮಾತ್ರ ತೀರ್ಪು ಬಂದು ವರ್ಷಗಟ್ಟಲೆ ಆದರೂ ಬರಲಿಲ್ಲ.

ಎರಡು ವರ್ಷ ಬಿಟ್ಟು, ಅದೇ ಮಹಾರಾಷ್ಟ್ರದ ತಲೋಜಾ ಜೈಲಿಗೆ ಇನ್ನೊಬ್ಬರು ಬಂದರು. ಅವರು ಎಲ್ಲಿಗೂ ಓಡಿಹೋದವರಲ್ಲ, ಓಡುವ ವಯಸ್ಸೂ ಅಲ್ಲ. ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡಿ, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಬದುಕಿದ ಪಾದ್ರಿ ಸ್ಟ್ಯಾನ್ ಸ್ವಾಮಿ. ವಯಸ್ಸು ಎಂಬತ್ತು ದಾಟಿತ್ತು, ಪಾರ್ಕಿನ್ಸನ್ಸ್ ಕಾಯಿಲೆ, ಲೋಟ ಹಿಡಿದರೆ ಕೈ ನಡುಗಿ ನೀರು ಚೆಲ್ಲುತ್ತಿತ್ತು. 2020ರ ನವೆಂಬರ್ ಮೊದಲ ವಾರದಲ್ಲಿ ಕೋರ್ಟಿಗೆ ಅರ್ಜಿ ಹಾಕಿದರು. ಬಂಧಿಸುವಾಗ ತೆಗೆದುಕೊಂಡ ಸ್ಟ್ರಾ ಮತ್ತು ಸಿಪ್ಪರ್ ಲೋಟ ಕೊಡಿಸಿ ಎಂದು. ರಾಷ್ಟ್ರೀಯ ತನಿಖಾ ಸಂಸ್ಥೆ ಉತ್ತರ ಕೊಡಲು 20 ದಿನ ಕಾಲಾವಕಾಶ ಕೇಳಿತು. ವಿಷಯ ಗಹನ, ದುಡುಕುವಂಥದ್ದಲ್ಲ. ಇಪ್ಪತ್ತು ದಿನ ಕೂಲಂಕಷವಾಗಿ ಆಲೋಚಿಸಿ, ಆ ಸ್ಟ್ರಾ ನಮ್ಮ ಹತ್ತಿರ ಇಲ್ಲ, ನಾವು ತೆಗೆದುಕೊಂಡೇ ಇಲ್ಲ ಎಂದಿತು. ಜನ ರೇಗಿ ಅಂಚೆಯಲ್ಲಿ ಸಿಪ್ಪರ್‌ಗಳನ್ನು ಕಳಿಸತೊಡಗಿದರು. ಜೈಲಿನವರು ಕೊನೆಗೊಂದು ಕೊಟ್ಟರು. 2021ರ ಜುಲೈ 5ರಂದು, ಜಾಮೀನು ಅರ್ಜಿ ಹೈಕೋರ್ಟಿನಲ್ಲಿ ಇರುವಾಗಲೇ, ಸ್ವಾಮಿ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅವರು ಮಾಡಿದ ತಪ್ಪು ಒಂದೇ ಅನ್ನಿಸುತ್ತದೆ. ಅರ್ಜಿಯನ್ನು ಮುಂಬೈ ಕೋರ್ಟಿಗೆ ಹಾಕಿದ್ದು. ಅದನ್ನೇ ಲಂಡನ್ನಿನಲ್ಲಿ ಕೂತು ಹಾಕಿದ್ದರೆ, ನಡುಮಧ್ಯಾಹ್ನದ ಬೆಳಕಿನಲ್ಲಿ ಆ ಸ್ಟ್ರಾದ ವಿಡಿಯೊ ಚಿತ್ರೀಕರಣವೇ ಆಗುತ್ತಿತ್ತು.

ಚಿಕ್ಕಮಗಳೂರಿನಲ್ಲಿ ಒಳ್ಳೆಯ ಕಾಫಿ ಬೀಜವೆಲ್ಲ ಹಡಗು ಹತ್ತುತ್ತದೆ, ಉಳಿದ ಪುಡಿಗೆ ಚಿಕೋರಿ ಬೆರೆಸಿ ನಾವು ಕುಡಿಯುತ್ತೇವೆ. ನಮ್ಮ ಸರ್ಕಾರದ ಮಾನವೀಯತೆಯೂ ಹಾಗೇ, ರಫ್ತಿಗೆ ಮಾತ್ರ. 2025ರಲ್ಲಿ ಬ್ಯಾಂಕ್ ವಂಚನೆಯ ಆರೋಪಿ ಮೆಹುಲ್ ಚೋಕ್ಸಿಯವರನ್ನು ಕಳಿಸಿಕೊಡಿ ಎಂದು ಬೆಲ್ಜಿಯಂಗೆ ಬರೆದ ಪತ್ರದ ಜೊತೆ ಗೃಹ ಸಚಿವಾಲಯ ಒಂದು ಭರವಸೆ ಕೊಟ್ಟಿತು. ಅದೇ 12ನೇ ಬ್ಯಾರಕ್ಕು. ಮೈಚಾಚಲು ಕನಿಷ್ಠ ಮೂರು ಚದರ ಮೀಟರ್ ಸ್ವಂತ ಜಾಗ, ದಪ್ಪನೆಯ ಹತ್ತಿ ಹಾಸು, ದಿಂಬು, ಚಾದರ, ಹೊದಿಕೆ, ಮೂರು ಹೊತ್ತು ಊಟ, ಹೊರಗೆ ಅಡ್ಡಾಡಲು ಅಂಗಳ, ಯೋಗ, ಧ್ಯಾನ. ಓದುತ್ತಿದ್ದರೆ ಪ್ರಕೃತಿ ಚಿಕಿತ್ಸಾ ಕೇಂದ್ರದ ಜಾಹೀರಾತು ಅನ್ನಿಸಬೇಕು. ಆ ಜೈಲಿನ ಮಿಕ್ಕ ಬ್ಯಾರಕ್‌ಗಳ ಸಂಗತಿ ಪತ್ರದಲ್ಲಿ ಬರುವುದಿಲ್ಲ. ಎಂಟುನೂರು ಚಿಲ್ಲರೆ ಜನರಿಗೆಂದು ಇದ್ದ ಆ ಜೈಲಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ತುಂಬಿದ್ದ ಕಾಲವುಂಟು. ಅಲ್ಲಿ ರಾತ್ರಿ ಮಗ್ಗುಲು ಬದಲಿಸಬೇಕಾದರೆ ಪಕ್ಕದವನ ಅನುಮತಿ ಕೇಳಬೇಕು. ಸಾವಿರಾರು ಕೋಟಿ ಮುಳುಗಿಸಿ ವಿಮಾನ ಹತ್ತಿದರೆ ಮೂರು ಚದರ ಮೀಟರ್. ಸೈಕಲ್ ಕದ್ದು ಇಲ್ಲೇ ಉಳಿದವನಿಗೆ ಅಷ್ಟು ಜಾಗ ಬೇಕಿದ್ದರೆ ಅವನೂ ವಿಮಾನ ಕದಿಯಬೇಕಿತ್ತು.

ಇಡೀ ದೇಶದ ಲೆಕ್ಕವೂ ಇದೆ. 2022ರ ಕೊನೆಗೆ ನಮ್ಮ ಜೈಲುಗಳಲ್ಲಿದ್ದ ಜಾಗ 4,36,266 ಮಂದಿಗೆ. ಒಳಗಿದ್ದವರು 5,73,220. ಇವರಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು, ಅಂದರೆ ತಪ್ಪು ಮಾಡಿದ್ದಾರೆಂದು ಯಾವ ನ್ಯಾಯಾಧೀಶರೂ ಇನ್ನೂ ಹೇಳದೇ ಇರುವವರು. ಒಳಗೆ ಜಾಗವಿಲ್ಲ ಎಂದುಕೊಳ್ಳಬೇಡಿ, ಕೊಳ್ಳುವವರಿಗೆ ಇದೆ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಮಗ್ಗು ಸಿಗರೇಟು ಹಿಡಿದು ಕೂತ ನಟನ ಫೋಟೊ 2024ರಲ್ಲಿ ನಾಡೆಲ್ಲ ನೋಡಿತು. ಕುರ್ಚಿಯೆಂಬುದೂ ಐಷಾರಾಮ ಎನಿಸುವಷ್ಟು ಕೆಳಗೆ ನಮ್ಮ ಜೈಲು ಇಳಿದಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಅವನನ್ನು ಎಬ್ಬಿಸಿ ಬಳ್ಳಾರಿಗೆ ಕಳಿಸಿ ಸಮಾಧಾನಪಟ್ಟೆವು.

ಇಷ್ಟೆಲ್ಲ ಭರವಸೆ ಪತ್ರಗಳು ಯಾಕೆ ಬೇಕಾದವು? ಚಿತ್ರಹಿಂಸೆಯ ವಿರುದ್ಧ ವಿಶ್ವಸಂಸ್ಥೆಯ ಒಪ್ಪಂದವೊಂದಿದೆ, 1984ರ ಡಿಸೆಂಬರ್ 10ರದ್ದು. ಹೊಡೆದು ಬಡಿದು ಹಿಂಸೆ ಕೊಡುವ ಅಪಾಯವಿರುವ ದೇಶಕ್ಕೆ ಯಾರನ್ನೂ ಒಪ್ಪಿಸಕೂಡದು ಎಂದು ಅದು ಹೇಳುತ್ತದೆ. ಭಾರತ ಅದಕ್ಕೆ ಸಹಿ ಹಾಕಿದ್ದು 1997ರ ಅಕ್ಟೋಬರ್ 14ರಂದು. ಸಹಿಯೇನೋ ಹಾಕಿತು, ಅನುಮೋದಿಸಲಿಲ್ಲ. ಸಹಿ ಎಂದರೆ ಆಶಯ, ಅನುಮೋದನೆ ಎಂದರೆ ಹೊಣೆ, ಆಶಯದಲ್ಲಿ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ. ನೇಪಾಳ 1991ರಲ್ಲಿ ಅನುಮೋದಿಸಿತು, ಶ್ರೀಲಂಕಾ 1994ರಲ್ಲಿ, ಬಾಂಗ್ಲಾದೇಶ 1998ರಲ್ಲಿ, ಪಾಕಿಸ್ತಾನ 2010ರಲ್ಲಿ. ಚೀನಾ 1988ರಲ್ಲೇ. ಕ್ರಿಕೆಟ್ಟಿನಲ್ಲಿ ಪಾಕಿಸ್ತಾನದ ಎದುರು ಸೋತರೆ ಟಿ.ವಿ. ಒಡೆಯುವ ನಾವು ಈ ಪಂದ್ಯ ಸೋತದ್ದಕ್ಕೆ ಒಂದು ರಿಮೋಟನ್ನೂ ಎಸೆಯಲಿಲ್ಲ.

ಅನುಮೋದನೆಗೆ ಮೊದಲು ದೇಶದಲ್ಲೊಂದು ಕಾನೂನು ಬೇಕು ಎಂದರು. ಸರಿ, 2010ರ ಮೇ 6ರಂದು ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆ ಪಾಸು ಮಾಡಿತು. ಅದರ ಕರಡು ನೋಡಬೇಕು ನೀವು. ಹಿಂಸೆ ಅನ್ನಬೇಕಾದರೆ ತೀವ್ರ ಗಾಯ ಆಗಿರಬೇಕು, ಇಲ್ಲವೇ ಜೀವಕ್ಕೋ ಅಂಗಕ್ಕೋ ಆರೋಗ್ಯಕ್ಕೋ ಅಪಾಯವಾಗಿರಬೇಕು. ದೂರನ್ನು ಆರು ತಿಂಗಳೊಳಗೆ ಕೊಡಬೇಕು. ಕೇಸು ನಡೆಸಲು ಸರ್ಕಾರದ್ದೇ ಅಪ್ಪಣೆ ಬೇಕು. ಅಂದರೆ ಹೊಡೆದವನ ಯಜಮಾನನ ಹತ್ತಿರ ಹೋಗಿ, ಸ್ವಾಮಿ, ನಿಮ್ಮವನು ಹೊಡೆದಿದ್ದಾನೆ, ದಾವೆ ಹೂಡಲೇ ಎಂದು ಕೇಳಿಕೊಳ್ಳಬೇಕು. ರಾಜ್ಯಸಭೆ ಇದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು. ಸಮಿತಿ ಆ ಡಿಸೆಂಬರ್‌ನಲ್ಲೇ ತಿದ್ದಿ ಕೊಟ್ಟಿತು. ಆಮೇಲೆ ಯಾರೂ ಅದನ್ನು ಕಣ್ಣೆತ್ತಿ ನೋಡಲಿಲ್ಲ. 2014ರಲ್ಲಿ ಲೋಕಸಭೆಯ ಅವಧಿ ಮುಗಿದು ಮಸೂದೆಯ ಉಸಿರೂ ನಿಂತಿತು. ಸಂಸತ್ತಿನ ಕಸ್ಟಡಿಯಲ್ಲಿದ್ದಾಗಲೇ ಸಂಭವಿಸಿದ ಸಾವು. ಮರಣೋತ್ತರ ಪರೀಕ್ಷೆ ಆಗಲಿಲ್ಲ, ಒಬ್ಬರೂ ಸಸ್ಪೆಂಡ್ ಆಗಲಿಲ್ಲ.

ಅಷ್ಟರಲ್ಲಿ ಹೊರದೇಶದ ಕೋರ್ಟುಗಳು ಕಾಟ ಕೊಡತೊಡಗಿದ್ದವು. ಪುರುಲಿಯಾದಲ್ಲಿ ವಿಮಾನದಿಂದ ಆಯುಧ ಉದುರಿಸಿದ ಕೇಸಿನ ಕಿಮ್ ಡೇವಿಯನ್ನು ಕಳಿಸಿಕೊಡಲು ಡೆನ್ಮಾರ್ಕಿನ ಹೈಕೋರ್ಟು 2011ರಲ್ಲೇ ಒಪ್ಪಲಿಲ್ಲ. ಅಲ್ಲಿ ಹಿಂಸೆ ಕೊಡುವ ಅಪಾಯವಿದೆ ಎಂಬುದೇ ಕಾರಣ. ಇತ್ತೀಚೆಗೆ, 2025ರ ಫೆಬ್ರವರಿಯಲ್ಲಿ, ಆಯುಧ ವ್ಯವಹಾರದ ಸಂಜಯ್ ಭಂಡಾರಿಯವರನ್ನೂ ಲಂಡನ್ ಹೈಕೋರ್ಟು ಬಿಟ್ಟುಬಿಟ್ಟಿತು. ತಿಹಾರ್‌ನಲ್ಲಿ ಹಣ ಕೀಳುವುದು, ಹೊಡೆಯುವುದು ನಿಜವಾದ ಅಪಾಯ ಎಂದಿತು. ಇಂಥ ತೊಂದರೆಗಳನ್ನು ಹೇಳಿಕೊಂಡೇ 2017ರ ಅಕ್ಟೋಬರ್‌ನಲ್ಲಿ ಕಾನೂನು ಆಯೋಗ ತನ್ನ 273ನೇ ವರದಿ ಕೊಟ್ಟಿತು, ಒಪ್ಪಂದ ಅನುಮೋದಿಸಿ ಎಂದಿತು, ಹೊಸ ಮಸೂದೆಯನ್ನೂ ಬರೆದುಕೊಟ್ಟಿತು. ಠಾಣೆಯಲ್ಲಿ ಹೊಡೆತ ತಿಂದವರ ಗೋಳು ನೂರೈವತ್ತು ವರ್ಷ ಕೇಳಿಸದ ಕಿವಿಗೆ, ಓಡಿಹೋದ ಸಾಹುಕಾರರು ಸಿಗುತ್ತಿಲ್ಲ ಎಂಬ ಸುದ್ದಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿದ್ದಷ್ಟೇ, ವರದಿ ಎಲ್ಲಿದೆಯೋ ಅಲ್ಲೇ ಇದೆ. ರಾಜ್ಯಗಳ ಅಭಿಪ್ರಾಯ ಕೇಳುತ್ತಿದ್ದೇವೆ ಎಂದರು. ಕಾನೂನು ಮಾಡಿ ಎಂದು ಸಂಸತ್ತಿಗೆ ಆಜ್ಞೆ ಮಾಡಲಾಗದೆಂದು ಸುಪ್ರೀಂ ಕೋರ್ಟು 2019ರಲ್ಲಿ ಅಂಥ ಕಾನೂನು ಕೋರಿದ ಅರ್ಜಿಯನ್ನು ವಜಾ ಮಾಡಿತು.

ಆ 2017ರ ಮೇ ತಿಂಗಳಲ್ಲೇ ಜಿನೀವಾದಲ್ಲಿ ಮಾನವ ಹಕ್ಕು ಮಂಡಳಿಯ ಮುಂದೆ ಅಂದಿನ ಅಟಾರ್ನಿ ಜನರಲ್ ಮುಕುಲ್ ರೋಹಟಗಿಯವರು ದೇಶದ ಪರವಾಗಿ ಮಾತಾಡಿದ್ದರು. ನಮ್ಮದು ಬುದ್ಧ, ಗಾಂಧಿಯ ನಾಡು. ಚಿತ್ರಹಿಂಸೆ ಎಂಬ ಕಲ್ಪನೆಯೇ ನಮ್ಮ ಸಂಸ್ಕೃತಿಗೆ ಪರಕೀಯ ಎಂದು ಹೇಳಿದರು. ಜಿನೀವಾ ತಂಪಿನ ಊರು, ಅಲ್ಲಿ ಇಂಥ ಮಾತು ಚೆನ್ನಾಗಿ ಉಳಿಯುತ್ತದೆ.

ಪಾಪ, ಅವರಿಗೆ ಯಾರೋ 1855ರ ಒಂದು ವರದಿ ತೋರಿಸಬೇಕಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ನಡೆದ ಚಿತ್ರಹಿಂಸೆಯ ವಿಚಾರಣೆಗೆಂದೇ ಕಂಪನಿ ಸರ್ಕಾರ ನೇಮಿಸಿದ್ದ ಆಯೋಗದ ವರದಿ ಅದು. ಆಗ ಬಳ್ಳಾರಿಯೂ ಕೆನರಾವೂ ಅದೇ ಪ್ರಾಂತ್ಯದಲ್ಲಿದ್ದವು. ಕಂದಾಯ ಕಟ್ಟದ ರೈತನ ಬೆರಳುಗಳನ್ನು ಕಿಟ್ಟಿ ಎಂಬ ಮರದ ಇಕ್ಕಳದಲ್ಲಿ ಸಿಕ್ಕಿಸಿ ಹಿಂಡುವುದು, ಕುತ್ತಿಗೆಯನ್ನು ಬಗ್ಗಿಸಿ ಕಾಲಿಗೆ ಕಟ್ಟಿ ಬಿಸಿಲಿಗೆ ನಿಲ್ಲಿಸುವುದು, ಕಣ್ಣಿಗೆ ಮೆಣಸಿನಪುಡಿ, ಎಲ್ಲವೂ ಅದರಲ್ಲಿದೆ. ದುಡ್ಡು ಹೋಗುತ್ತಿದ್ದದ್ದು ಕಂಪನಿಯ ಬೊಕ್ಕಸಕ್ಕೆ, ದೋಷ ಮಾತ್ರ ಹೋದದ್ದು ಕೆಳಗಿನ ದೇಶೀ ನೌಕರರ ತಲೆಗೆ. ಇದು ಇಲ್ಲಿಯ ಜನರ ಹಳೇ ಚಾಳಿ, ದೊರೆಗಳಿಗೆ ತಿಳಿದೇ ಇರಲಿಲ್ಲ ಎಂದಾಯಿತು. ಅಂದು ಬಿಳಿಯರು ಇದು ನಿಮ್ಮ ಸಂಸ್ಕೃತಿ ಎಂದು ಹೇಳಿ ಕೈತೊಳೆದುಕೊಂಡರು. ಇಂದು ನಾವು ಇದು ನಮ್ಮ ಸಂಸ್ಕೃತಿಯೇ ಅಲ್ಲ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಕೈಯಂತೂ ಎರಡು ಶತಮಾನವೂ ಸ್ವಚ್ಛ. ಒಂದು ಮಾತು ಒಪ್ಪಬೇಕು, ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದು 1872ರಲ್ಲಿ ಕಾಯ್ದೆ ಬರೆದವನು ಬ್ರಿಟಿಷನೇ. ತನ್ನ ಪೊಲೀಸರ ಸ್ವಭಾವ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅನುಮೋದಿಸಿದವರೆಲ್ಲ ಸಂತರಾದರು ಎಂದು ನಾನು ಹೇಳುತ್ತಿಲ್ಲ. ಅಮೆರಿಕ 1994ರಲ್ಲೇ ಅನುಮೋದಿಸಿತು. ಎಂಟು ವರ್ಷ ಬಿಟ್ಟು ಅದರ ಸರ್ಕಾರಿ ವಕೀಲರು ಕೂತು, ಅಂಗಾಂಗ ವಿಫಲವಾಗುವಷ್ಟು ಅಥವಾ ಸಾಯುವಷ್ಟು ನೋವಾದರೆ ಮಾತ್ರ ಅದು ಚಿತ್ರಹಿಂಸೆ ಎಂದು ಟಿಪ್ಪಣಿ ಬರೆದರು. ಒಬ್ಬನೇ ಕೈದಿಗೆ 183 ಸಲ ಮುಖದ ಬಟ್ಟೆಯ ಮೇಲೆ ನೀರು ಸುರಿದು ಮುಳುಗುವ ಭಯ ಹುಟ್ಟಿಸಿದರು. ಕೈದಿಯನ್ನು ನಾಲ್ಕು ಗಂಟೆವರೆಗೆ ನಿಲ್ಲಿಸಬಹುದು ಎಂಬ ಕಡತಕ್ಕೆ ಸಹಿ ಹಾಕುತ್ತ ರಕ್ಷಣಾ ಮಂತ್ರಿ ರಮ್ಸ್‌ಫೆಲ್ಡ್, ನಾನೇ ದಿನಕ್ಕೆ ಎಂಟು ಹತ್ತು ಗಂಟೆ ನಿಂತಿರುತ್ತೇನೆ, ನಾಲ್ಕೇ ಗಂಟೆ ಯಾಕೆ ಎಂದು ಪಕ್ಕದಲ್ಲಿ ಗೀಚಿದರು. ಆದರೂ ಅವರಲ್ಲಿ ಆ ಟಿಪ್ಪಣಿಯಾದರೂ ಹೊರಬಿತ್ತು, ನಗೆಪಾಟಲಾಯಿತು. ನಮ್ಮಲ್ಲಿ ಟಿಪ್ಪಣಿಯೇ ಬೇಕಾಗಿಲ್ಲ, ಬಾಯಿಮಾತಿನಲ್ಲಿ ನಡೆಯುತ್ತದೆ.

ನಮ್ಮಲ್ಲಿ ಎಂದರೆ ಎಲ್ಲಿ ಎಂದು ಕೇಳುವವರು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿಬರಬಹುದು. ಮಾದಪ್ಪನಿಗೆ ಉಘೇ ಎಂದು ಜನ ಮೆಟ್ಟಿಲು ಹತ್ತುವ ಆ ಬೆಟ್ಟದಲ್ಲಿ ತೊಂಬತ್ತರ ದಶಕದಲ್ಲಿ ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯಲು ಬಂದ ಕಾರ್ಯಪಡೆಯ ಕ್ಯಾಂಪಿತ್ತು. ಅಲ್ಲಿ ಒಂದು ಜಾಗವನ್ನು ‘ವರ್ಕ್‌ಶಾಪ್’ ಎನ್ನುತ್ತಿದ್ದರು. ಹೆಸರು ಕೇಳಿದರೆ ಜೀಪು ರಿಪೇರಿ ಅನ್ನಿಸಬೇಕು. ರಿಪೇರಿಗೆ ಬರುತ್ತಿದ್ದವರು ಸೋಲಿಗರು, ಗಡಿಯ ಹಳ್ಳಿಗಳ ಬಡವರು, ಹೆಂಗಸರು. ವೀರಪ್ಪನ್ ಎಲ್ಲಿದ್ದಾನೆ ಎಂಬ ಪ್ರಶ್ನೆ, ಮೈಗೆ ವಿದ್ಯುತ್ ತಂತಿ. ಅದೇ ಕಾಲಕ್ಕೆ ಆ ಹಳ್ಳಿಗಳಿಗೆ ಕರೆಂಟು ಬಂದಿರಲಿಲ್ಲ ಎಂದು ದೂರುವವರಿದ್ದರೆ ಅವರ ಬಾಯಿ ಮುಚ್ಚಿಸಲು ಇದೊಂದು ಸಾಕು.

ಟಾಡಾ ಕಾಯ್ದೆಯಡಿ ಹಿಡಿದು ಮೈಸೂರು ಜೈಲಿನಲ್ಲಿಟ್ಟ ನೂರಕ್ಕೂ ಹೆಚ್ಚು ಮಂದಿಯಲ್ಲಿ ಹೆಚ್ಚಿನವರು 2001ರಲ್ಲಿ ಖುಲಾಸೆಯಾದರು. ಅಷ್ಟು ಹೊತ್ತಿಗೆ ಎಷ್ಟೋ ಜನರ ಎಳೆಯ ಮಕ್ಕಳು ಮೀಸೆ ಮೂಡಿದ ಹುಡುಗರಾಗಿದ್ದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ಸಮಿತಿ ಸಂತ್ರಸ್ತರ ಮಾತು ಕೇಳಿ 2003ರಲ್ಲಿ ವರದಿ ಕೊಟ್ಟಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ. ತಮಿಳುನಾಡು ಸರ್ಕಾರ ತಡಮಾಡದೆ ತನ್ನ ಪಡೆಯ ಒಬ್ಬೊಬ್ಬರಿಗೂ ಮೂರು ಲಕ್ಷ ರೂಪಾಯಿ, ಮನೆ ಕಟ್ಟಲು ನಿವೇಶನ, ಒಂದು ಮೆಟ್ಟಿಲು ಬಡ್ತಿ ಘೋಷಿಸಿತು. ಹಿಂಸೆ ಅನುಭವಿಸಿದವರ ಸರದಿ ಬಂದದ್ದು 2007ಕ್ಕೆ. 89 ಮಂದಿಗೆ ಒಟ್ಟು 2.80 ಕೋಟಿ. ಭಾಗಿಸಿ ನೋಡಿ, ತಲೆಗೆ ಸರಾಸರಿ ಮೂರು ಲಕ್ಷ ಚಿಲ್ಲರೆ. ಕಾಡಿಗೆ ಹೋದ ಪೊಲೀಸನಿಗೂ ಕಾಡಿನಿಂದ ಎಳೆತಂದವನಿಗೂ ಒಂದೇ ರೇಟು. ಸಮಾನತೆ ಎಂದರೆ ಇದು. ನಿವೇಶನವೂ ಬಡ್ತಿಯೂ ಮಾತ್ರ ಇರಲಿಲ್ಲ. ಸೋಲಿಗನಿಗೆ ಬಡ್ತಿ ಕೊಟ್ಟು ಏನು ಮಾಡುವುದು?

ಈಗ ಕಾಲ ಬದಲಾಗಿದೆ ಅನ್ನುತ್ತಾರೆ. ಹೌದು, ಕ್ಯಾಮೆರಾ ಬಂದಿದೆ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ದೇಶದ ಪ್ರತಿ ಠಾಣೆಯಲ್ಲೂ ಬಾಗಿಲು, ಲಾಕಪ್, ಪಡಸಾಲೆ ಬಿಡದೆ ಸಿ.ಸಿ. ಟಿ.ವಿ. ಹಾಕಿ, ಚಿತ್ರದ ಜೊತೆ ಧ್ವನಿಯೂ ದಾಖಲಾಗಲಿ ಎಂದಿತು. ಅದೇ ವರ್ಷದ ಜೂನಿನಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ ಮೊಬೈಲ್ ಅಂಗಡಿ ತೆರೆದಿದ್ದರೆಂದು ಹಿಡಿದೊಯ್ದ ತಂದೆ ಮಗ ಇಬ್ಬರೂ ಸತ್ತಿದ್ದರು. ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು ನೋಡುತ್ತಾರೆ, ಠಾಣೆಯಲ್ಲಿ ಕ್ಯಾಮೆರಾ ಇದೆ, ಡಿಸ್ಕಿನಲ್ಲಿ ಬೇಕಾದಷ್ಟು ಜಾಗವೂ ಇದೆ. ಆದರೆ ಅಂದಂದಿನ ಚಿತ್ರ ಅಂದಂದೇ ಅಳಿಸಿಹೋಗುವಂತೆ ಅದನ್ನು ಹೊಂದಿಸಿಡಲಾಗಿದೆ. ನಮ್ಮ ಠಾಣೆಗಳಲ್ಲಿ ಒಳಗಿರುವವನಿಗಿಂತ ಮೊದಲು ಕ್ಯಾಮೆರಾಕ್ಕೆ ಪ್ರಜ್ಞೆ ತಪ್ಪುತ್ತದೆ. ಹಾಗಾಗಿ ಲಾಕಪ್ಪಿನಲ್ಲಿ ಸತ್ತವರೆಲ್ಲ ಇಂದಿಗೂ ಎದೆನೋವಿನಿಂದ, ಇಲ್ಲವೇ ಬಚ್ಚಲಲ್ಲಿ ಜಾರಿಬಿದ್ದೇ ಸಾಯುತ್ತಿದ್ದಾರೆ. ಪೊಲೀಸ್ ಠಾಣೆಗಳ ಬಚ್ಚಲಿನ ಪಾಚಿ ತೆಗೆಯಲು ಒಂದು ರಾಷ್ಟ್ರೀಯ ಯೋಜನೆ ಹಾಕಿಕೊಳ್ಳುವುದು ಒಳ್ಳೆಯದು, ಅನುದಾನಕ್ಕೆ ಕೊರತೆಯಾಗದು.

ಮೊನ್ನೆ, ಅಂದರೆ 2024ರ ಜುಲೈ 1ರಂದು, ವಸಾಹತುಶಾಹಿಯ ಕಾಯ್ದೆಗಳನ್ನು ಕಿತ್ತೆಸೆದು ಮೂರು ಹೊಸ ಕಾನೂನು ತಂದಾಯಿತು. ಚಿತ್ರಹಿಂಸೆಗೆ ಅದರಲ್ಲೂ ಪ್ರತ್ಯೇಕ ಅಪರಾಧದ ಸ್ಥಾನ ಸಿಗಲಿಲ್ಲ. ಸರ್ಕಾರಿ ನೌಕರನ ಮೇಲೆ ಮೊಕದ್ದಮೆಗೆ ಸರ್ಕಾರದ ಅಪ್ಪಣೆ ಬೇಕೆಂಬ ಬ್ರಿಟಿಷರ 197ನೇ ಕಲಮು 218 ಆಗಿ ಪುನರ್ಜನ್ಮ ಪಡೆಯಿತು. ಹದಿನೈದು ದಿನದ ಪೊಲೀಸ್ ಕಸ್ಟಡಿಯನ್ನು ಮೊದಲಿನ ಹದಿನೈದು ದಿನದಲ್ಲೇ ಮುಗಿಸಬೇಕಿತ್ತು. ಈಗ ಅದನ್ನು ಕೇಸಿಗೆ ತಕ್ಕಂತೆ ನಲವತ್ತು ಅಥವಾ ಅರವತ್ತು ದಿನಗಳ ಉದ್ದಕ್ಕೂ ಕಂತಿನಲ್ಲಿ ತೆಗೆದುಕೊಳ್ಳಬಹುದು. ಗುಲಾಮಿ ಮನೋಭಾವ ಹೋಗಲಾಡಿಸುವುದು ಸಣ್ಣ ಕೆಲಸವೇ?

ಬರೀ ಪೊಲೀಸರನ್ನು ಬೈದರೆ ಅನ್ಯಾಯವಾದೀತು. ಕೆಳಗಿನ ಪೇದೆಗೆ ಬೆರಳಚ್ಚು ತಜ್ಞರಿಲ್ಲ, ಪ್ರಯೋಗಾಲಯದ ವರದಿ ತಿಂಗಳುಗಟ್ಟಲೆ ಬರುವುದಿಲ್ಲ, ಮೇಲಿನವರಿಗೆ ಮಾತ್ರ ನಾಳೆಯೊಳಗೆ ಕಳ್ಳ ಬೇಕು. ಮತ್ತೆ ಅವನ ಹಿಂದೆ ನಾವಿದ್ದೇವೆ. ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ ಆರೋಪಿ ಬಾಯಿಬಿಟ್ಟ ಎಂದು ಪತ್ರಿಕೆಯಲ್ಲಿ ಓದಿ ನಾವು ಕಾಫಿ ಕುಡಿದು ಮುಂದಿನ ಪುಟಕ್ಕೆ ಹೋಗುತ್ತೇವೆ. ಆ ಶೈಲಿ ಯಾವುದೆಂದು ವರದಿಗಾರ ಕೇಳುವುದಿಲ್ಲ, ಸಂಪಾದಕ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ಏರೋಪ್ಲೇನ್ ಹತ್ತಿಸುವುದೆಂದರೇನೆಂದು ಕರ್ನಾಟಕದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ತೆರೆಯ ಮೇಲೆ ಖಾಕಿ ತೊಟ್ಟ ನಾಯಕ ಲಾಕಪ್ಪಿನಲ್ಲಿ ಬೆಂಡೆತ್ತಿದರೆ ಶಿಳ್ಳೆ ಹೊಡೆಯುತ್ತೇವೆ. ಜೇಬುಗಳ್ಳ ಸಿಕ್ಕಿದರೆ ಬಸ್ ಸ್ಟ್ಯಾಂಡಿನಲ್ಲೇ ನಾಲ್ಕು ಹಾಕಿ ಆಮೇಲೆ ಠಾಣೆಗೆ ಒಪ್ಪಿಸುತ್ತೇವೆ, ಪೊಲೀಸರಿಗೆ ಶ್ರಮ ತಪ್ಪಲಿ ಎಂದು. ಸಂಸತ್ತಿನಲ್ಲಿ ಮಸೂದೆ ಸತ್ತಾಗ ಯಾಕೆ ಯಾರೂ ಅಳಲಿಲ್ಲ ಎಂಬುದಕ್ಕೆ ಸಂಸದರನ್ನು ಮಾತ್ರ ಕೇಳಿ ಪ್ರಯೋಜನವಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಗಳ ಪ್ರಕಾರ 2001ರಿಂದ 2020ರವರೆಗಿನ ಇಪ್ಪತ್ತು ವರ್ಷದಲ್ಲಿ ಪೊಲೀಸ್ ವಶದಲ್ಲಿ ಸತ್ತವರು 1,888. ಪೊಲೀಸರ ಮೇಲೆ ದಾಖಲಾದ ಕೇಸು 893, ದೋಷಾರೋಪ ಪಟ್ಟಿ ಹೋದದ್ದು 358 ಮಂದಿಯ ಮೇಲೆ, ಶಿಕ್ಷೆಯಾದದ್ದು 26 ಮಂದಿಗೆ. ಕಾನೂನು ಆಯೋಗದ 273ನೇ ವರದಿಯಲ್ಲಿ ಈ ಲೆಕ್ಕ ತಿರುಗಿಸುವ ಒಂದು ಸಣ್ಣ ಸಂಗತಿಯಿದೆ. ವಶದಲ್ಲಿದ್ದವನ ಮೈಮೇಲೆ ಗಾಯ ಕಂಡರೆ, ಅದು ಹೇಗಾಯಿತೆಂದು ಹೇಳುವ ಹೊಣೆ ಪೊಲೀಸರದು. 1985ರಲ್ಲೇ 113ನೇ ವರದಿಯಲ್ಲಿ ಅದೇ ಆಯೋಗ ಇದನ್ನೇ ಹೇಳಿತ್ತು. ಮುಂದಿನ ಚುನಾವಣೆಯಲ್ಲಿ ನಿಮ್ಮ ಬೀದಿಗೆ ಲೋಕಸಭೆಯ ಅಭ್ಯರ್ಥಿ ಬಂದಾಗ ರಸ್ತೆ, ನೀರು ಎಲ್ಲ ಕೇಳಿದ ಮೇಲೆ, 273ನೇ ವರದಿ ಓದಿದ್ದೀರಾ ಎಂದೂ ಒಂದು ಮಾತು ಕೇಳಿ. ಓದಿಲ್ಲ ಎಂದರೆ ಒಂದು ಪ್ರತಿ ಕೈಗೆ ಕೊಡಿ, ಆಯೋಗದ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ.